ಆರನೇ ಹಾಡು ಅರ್ಧಕ್ಕೇ ನಿಲ್ಲುತ್ತಿತ್ತು: 'ಹಿಸ್ಟೀರಿಯಾ' ಆಲ್ಬಮ್‌ನ ಒಂದು ಪ್ರಕರಣ ಅಧ್ಯಯನ

ಮೊದಲು ನನ್ನ ಕ್ಯಾಸೆಟ್ಟಿನ ವಿಷಯ ಹೇಳಿಬಿಡುತ್ತೇನೆ. ಚಿಕ್ಕಪ್ಪನ ಮಗನ ಹತ್ತಿರ ಡೆಫ್ ಲೆಪರ್ಡ್ ಬ್ಯಾಂಡಿನ 'ಹಿಸ್ಟೀರಿಯಾ' ಇತ್ತು. ಅವನ ಮನೆಯಲ್ಲಿ ಎರಡು ಕ್ಯಾಸೆಟ್ ಹಾಕುವ ಟೇಪ್ ರೆಕಾರ್ಡರ್ ಕೂಡ ಇತ್ತು. ನಾನು ಒಂದು ಖಾಲಿ ಕ್ಯಾಸೆಟ್ ತಗೊಂಡು ಹೋಗಿ ಕಾಪಿ ಮಾಡಿಸಿಕೊಂಡೆ. ನನ್ನದು 60 ನಿಮಿಷದ್ದು, ಬದಿಗೆ ಮೂವತ್ತು. 90 ನಿಮಿಷದ್ದಕ್ಕೆ ಜೇಬಲ್ಲಿ ದುಡ್ಡಿರಲಿಲ್ಲ. ಆಲ್ಬಮ್ ನೋಡಿದರೆ 62 ನಿಮಿಷ ಚಿಲ್ಲರೆ. ಮೊದಲ ಬದಿಯ ಆರು ಹಾಡುಗಳೇ ಸೇರಿ 32 ನಿಮಿಷ ಆಗುತ್ತವೆ. ಹಾಗಾಗಿ ಆರನೇ ಹಾಡು 'ಆರ್ಮಗೆಡ್ಡನ್ ಇಟ್' ಮುಗಿಯುವ ಮೊದಲೇ ಟೇಪು ಟಕ್ ಅಂತ ನಿಲ್ಲುತ್ತಿತ್ತು. ವರ್ಷಗಟ್ಟಲೆ ಆ ಹಾಡು ಅಲ್ಲಿಗೇ ಮುಗಿಯುತ್ತದೆ ಅನ್ನೋ ಹಾಗೆ ಕೇಳಿದೆ.

ಈ ಆಲ್ಬಮ್ ಬಗ್ಗೆ ಫ್ಯಾನ್‌ಗಳು ಮಾತಾಡೋಕೆ ಶುರು ಮಾಡಿದರೆ ಐದು ನಿಮಿಷದೊಳಗೆ ಒಂದು ವಿಷಯ ಬಂದೇ ಬರುತ್ತದೆ. ಒಂದು ಕೈ ಕಳೆದುಕೊಂಡ ಡ್ರಮ್ಮರ್. ಅವನ ಧೈರ್ಯ, ಗೆಳೆಯರು ಅವನನ್ನು ಬಿಟ್ಟುಕೊಡದ ಕಥೆ. ಎಲ್ಲ ನಿಜ, ನನಗೂ ಕಣ್ಣು ಮಂಜಾಗುತ್ತದೆ. ಆದರೆ ಎಷ್ಟೋ ವರ್ಷ ಕೇಳಿದ ಮೇಲೆ ನನಗೆ ಅನ್ನಿಸಿದ್ದು ಬೇರೆ. ಈ ಪ್ರಕರಣದ ಗಂಟು ಇರುವುದು ಕೆಲಸದ ಕ್ರಮದಲ್ಲಿ. ಸಾಮಾನ್ಯವಾಗಿ ರಾಕ್ ಆಲ್ಬಮ್‌ನಲ್ಲಿ ಡ್ರಮ್ಸ್ ಮೊದಲು ರೆಕಾರ್ಡ್ ಆಗುತ್ತದೆ, ಇಲ್ಲಿ ಕೊನೆಗೆ ಆಯಿತು. ಆ ಒಂದು ಅದಲುಬದಲು ಏನೆಲ್ಲ ಮಾಡಿತು ಅನ್ನೋದನ್ನ ನೋಡೋಣ.

(ಒಂದು ಮಾತು. ಕೆಳಗೆ ಎಲ್ಲರನ್ನೂ ಏಕವಚನದಲ್ಲೇ ಕರೆದಿದ್ದೇನೆ. ಅಗೌರವ ಅಲ್ಲ. ಗೋಡೆ ಮೇಲೆ ಪೋಸ್ಟರ್ ಅಂಟಿಸಿಕೊಂಡವರನ್ನು ಬಹುವಚನದಲ್ಲಿ ಕರೆಯೋಕೆ ನಾಲಿಗೆ ಏಳುವುದಿಲ್ಲ.)

ಹಿನ್ನೆಲೆ

ಡೆಫ್ ಲೆಪರ್ಡ್ ಇಂಗ್ಲೆಂಡಿನ ಶೆಫೀಲ್ಡ್‌ನ ಹುಡುಗರ ಬ್ಯಾಂಡು. ಉಕ್ಕಿನ ಕಾರ್ಖಾನೆಗಳ ಊರು ಅದು. 1977ರಲ್ಲಿ ಶುರುವಾಯಿತು. ಡ್ರಮ್ಮರ್ ರಿಕ್ ಅಲನ್ ಮರುವರ್ಷ ಸೇರಿಕೊಂಡಾಗ ಅವನಿಗೆ ಹದಿನೈದು ವರ್ಷ. ಜೋ ಎಲಿಯಟ್ ಹಾಡುಗಾರ, ರಿಕ್ ಸ್ಯಾವೇಜ್ ಬಾಸ್, ಸ್ಟೀವ್ ಕ್ಲಾರ್ಕ್ ಮತ್ತು ಆಮೇಲೆ ಬಂದ ಫಿಲ್ ಕಾಲೆನ್ ಗಿಟಾರ್.

1983ರ ಜನವರಿಯಲ್ಲಿ ಇವರ ಮೂರನೇ ಆಲ್ಬಮ್ 'ಪೈರೋಮೇನಿಯಾ' ಬಂತು. ಅಮೆರಿಕದ ಆಲ್ಬಮ್ ಪಟ್ಟಿಯಲ್ಲಿ ಎರಡನೇ ಸ್ಥಾನದವರೆಗೆ ಏರಿ ಅಲ್ಲೇ ನಿಂತಿತು. ಮೇಲೆ ಕೂತಿದ್ದದ್ದು ಮೈಕೆಲ್ ಜಾಕ್ಸನ್‌ನ 'ಥ್ರಿಲ್ಲರ್'. ಅದನ್ನು ಅಲ್ಲಿಂದ ಎಬ್ಬಿಸೋದು ಸುಲಭದ ಕೆಲಸ ಆಗಿರಲಿಲ್ಲ.

ಪ್ರೊಡ್ಯೂಸರ್, ಅಂದರೆ ಸ್ಟುಡಿಯೋದಲ್ಲಿ ಆಲ್ಬಮ್‌ನ ಸದ್ದು ರೂಪಿಸುವವನು, ರಾಬರ್ಟ್ ಜಾನ್ ಲಾಂಗ್. ಎಲ್ಲರೂ 'ಮಟ್' ಅಂತ ಕರೆಯುವ ಮನುಷ್ಯ. ಈಗಿನ ಜಾಂಬಿಯಾದಲ್ಲಿ ಹುಟ್ಟಿ ದಕ್ಷಿಣ ಆಫ್ರಿಕಾದಲ್ಲಿ ಬೆಳೆದವನು. ಎಸಿ/ಡಿಸಿ ಬ್ಯಾಂಡಿನ 'ಬ್ಯಾಕ್ ಇನ್ ಬ್ಲ್ಯಾಕ್' ಇವನ ಕೈಯಿಂದಲೇ ಬಂದದ್ದು. ಮುಂದಿನ ಆಲ್ಬಮ್‌ಗೆ ಇವನ ತಲೆಯಲ್ಲಿ ಒಂದೇ ಯೋಚನೆ ಇತ್ತು. 'ಥ್ರಿಲ್ಲರ್'ನಲ್ಲಿ ಯಾವ ಹಾಡು ಎತ್ತಿಕೊಂಡರೂ ಹಿಟ್, ಅಲ್ವಾ? ಹಾರ್ಡ್ ರಾಕ್‌ನಲ್ಲಿ ಯಾಕೆ ಹಾಗೆ ಆಗಬಾರದು?

ಯೋಚನೆ ಕೊಟ್ಟ ಮೇಲೆ ಅವನೇ ಸುಸ್ತಾಗಿ ಹಿಂದೆ ಸರಿದ. ಸತತವಾಗಿ ಸ್ಟುಡಿಯೋದಲ್ಲೇ ಕೂತು ಬಳಲಿದ್ದ. 1984ರಲ್ಲಿ ಅವನ ಜಾಗಕ್ಕೆ ಜಿಮ್ ಸ್ಟೈನ್‌ಮನ್ ಬಂದ. ಅವನೂ ಸಾಮಾನ್ಯನಲ್ಲ, ಮೀಟ್ ಲೋಫ್ ಅನ್ನೋ ಹಾಡುಗಾರನಿಗೆ ಹಾಡು ಬರೆದವನು. ಆದರೆ ಅವನಿಗೆ ಬೇಕಿದ್ದದ್ದು ಎಲ್ಲರೂ ಒಟ್ಟಿಗೆ ನಿಂತು ನುಡಿಸಿದ ಹಸಿ ಸದ್ದು. ಇವರಿಗೆ ಬೇಕಿದ್ದದ್ದು ಒಂದೊಂದೇ ಪದರ ಹಚ್ಚಿ ಉಜ್ಜಿ ಹೊಳಪು ಕೊಟ್ಟ ಸದ್ದು. ಕೂಡಿ ಬರಲಿಲ್ಲ. ಅವನನ್ನು ಕಳಿಸಿದರು, ಆವರೆಗೆ ಮಾಡಿದ ಕೆಲಸ ಪಕ್ಕಕ್ಕೆ ಹೋಯಿತು. ತಾವೇ ಮಾಡುತ್ತೇವೆ ಅಂತ ಎಂಜಿನಿಯರ್ ನೈಜೆಲ್ ಗ್ರೀನ್ ಜತೆ ಕೂತರು. ಅದೂ ತೆವಳುತ್ತಿತ್ತು. ಅಷ್ಟರಲ್ಲಿ ಕ್ರಿಸ್‌ಮಸ್ ರಜೆ ಬಂತು, ಎಲ್ಲರೂ ಊರಿಗೆ ಹೋದರು.

1984, ಡಿಸೆಂಬರ್ 31

ರಿಕ್ ಅಲನ್ ಶೆಫೀಲ್ಡ್ ಹೊರಗಿನ ಎ57 ರಸ್ತೆಯಲ್ಲಿ ತನ್ನ ಕಾರ್ವೆಟ್ ಓಡಿಸುತ್ತಿದ್ದ. ಮುಂದೆ ಒಂದು ಕಾರು ಅವನನ್ನು ಕೆಣಕುತ್ತಾ ಹೋಗುತ್ತಿತ್ತು. ಅದನ್ನು ಹಿಂದೆ ಹಾಕೋಕೆ ಹೋಗಿ ತಿರುವಿನಲ್ಲಿ ಹಿಡಿತ ತಪ್ಪಿತು. ಕಾರು ಕಲ್ಲಿನ ಗೋಡೆ ದಾಟಿ ಹೊಲಕ್ಕೆ ಬಿತ್ತು. ಅವನು ಹೊರಗೆ ಎಸೆಯಲ್ಪಟ್ಟ, ಎಡಗೈ ಕಾರಿನಲ್ಲೇ ಉಳಿಯಿತು. ಡಾಕ್ಟರುಗಳು ಕೈಯನ್ನು ಮತ್ತೆ ಜೋಡಿಸಿದರು. ಆದರೆ ಸೋಂಕು ತಗುಲಿ ತೆಗೆಯಲೇಬೇಕಾಯಿತು. ಅವನಿಗಾಗ 21 ವರ್ಷ.

ಇಲ್ಲಿ ಬ್ಯಾಂಡಿನವರ ಮುಂದೆ ಇದ್ದ ಪ್ರಶ್ನೆ ಸುಲಭದ್ದಲ್ಲ. ಸಾಲ ಏರುತ್ತಿತ್ತು, ಸ್ಟುಡಿಯೋ ಬಾಡಿಗೆ ಓಡುತ್ತಿತ್ತು. ಹಿಂದಿನ ಆಲ್ಬಮ್ ಬಂದು ಎರಡು ವರ್ಷ ಆಗುತ್ತಾ ಬಂದಿತ್ತು. ಇನ್ನೊಬ್ಬ ಡ್ರಮ್ಮರ್ ಸಿಗೋದು ಕಷ್ಟವೇನಿರಲಿಲ್ಲ. ಅವರು ಅದನ್ನು ಮಾಡಲಿಲ್ಲ. ಇರುತ್ತೀಯೋ ಬಿಡುತ್ತೀಯೋ ನೀನೇ ಹೇಳು ಅಂತ ತೀರ್ಮಾನ ಅವನಿಗೇ ಬಿಟ್ಟು, ತಮ್ಮ ಪಾಡಿಗೆ ಗಿಟಾರ್ ಕೆಲಸಕ್ಕೆ ಹೋದರು.

ಆಸ್ಪತ್ರೆಯಲ್ಲಿ ಮಲಗಿದ್ದ ರಿಕ್ ಮಂಚದ ಕಾಲ ತುದಿಯಲ್ಲಿದ್ದ ಫೋಮ್ ತುಂಡಿಗೆ ಪಾದದಿಂದ ತಟ್ಟುತ್ತಿದ್ದ. ಎಡಗೈ ಮಾಡುತ್ತಿದ್ದ ಕೆಲಸ ಎಡಗಾಲಿಗೆ ಬರುತ್ತದಾ ಅಂತ ನೋಡೋಕೆ. ಬಂತು. ಅದನ್ನು ಗೆಳೆಯರೂ ಲಾಂಗ್‌ನೂ ನೋಡಿದರು. ಎಲೆಕ್ಟ್ರಾನಿಕ್ ಡ್ರಮ್ಸ್ ಆಗತಾನೆ ಬಂದಿದ್ದ ಕಾಲ ಅದು. ಸಿಮನ್ಸ್ ಕಂಪನಿಯ ಪ್ಯಾಡುಗಳಿಗೆ ಕಾಲಿನ ಪೆಡಲ್ ಜೋಡಿಸಿದರೆ ಪಾದದಿಂದಲೇ ಸ್ನೇರ್ ಸದ್ದು, ಅಂದರೆ ಚಟ್ ಅಂತ ಬೀಳುವ ಡ್ರಮ್ಮಿನ ಪೆಟ್ಟು, ಹೊರಡಿಸಬಹುದು. ಹಾಗೆ ಅವನಿಗೆಂದೇ ಒಂದು ಸೆಟ್ ತಯಾರಾಯಿತು.

ಇದು ಹೇಗೆ ಅಂತ ಓದಿದರೆ ತಿಳಿಯೋಲ್ಲ, ಮಾಡಿ ನೋಡಬೇಕು. ಕುರ್ಚಿ ಮೇಲೆ ಕೂರಿ. ಎಡಗೈ ಬೆನ್ನ ಹಿಂದೆ. ಬಲಗೈಯಿಂದ ತೊಡೆ ಮೇಲೆ ಒಂದೇ ಸಮ ತಟ್ಟುತ್ತಾ ಇರಿ, ಅದು ಹೈ-ಹ್ಯಾಟ್, ಡ್ರಮ್ ಸೆಟ್ಟಿನ ಜೋಡಿ ತಾಳ. ಬಲಗಾಲು ನೆಲಕ್ಕೆ ಧಡ್, ಒಂದನೇ ಮತ್ತು ಮೂರನೇ ಪೆಟ್ಟಿಗೆ. ಎರಡಕ್ಕೂ ನಾಲ್ಕಕ್ಕೂ ಎಡಗಾಲು ಟಪ್. ಇಷ್ಟು ಹೇಗೋ ಬಂದುಬಿಡುತ್ತದೆ. ಈಗ ನಡುವೆ ಬಲಗೈಯನ್ನು ಎತ್ತಿ ಪಕ್ಕದ ಟೇಬಲ್ಲಿಗೆ ಎರಡೇಟು ಹಾಕಿ ವಾಪಸ್ ಬನ್ನಿ, ಕಾಲು ನಿಲ್ಲಬಾರದು. ನನ್ನ ಕಾಲು ಪ್ರತಿ ಸಲವೂ ಕೈಯ ಹಿಂದೆ ಓಡಿಹೋಗುತ್ತದೆ. ರಿಕ್ ಹುಡುಗನಾಗಿದ್ದಾಗಿನಿಂದ ಮೈಗೆ ಹತ್ತಿದ್ದ ಅಭ್ಯಾಸವನ್ನು ಮರೆತು ಇದನ್ನು ಹೊಸದಾಗಿ ಕಲಿಯಬೇಕಿತ್ತು.

ಡ್ರಮ್ಸ್ ಕೊನೆಗೆ

ಈಗ ನನ್ನ ವಾದಕ್ಕೆ ಬರುತ್ತೇನೆ. ಸುಸ್ತು ಕಳೆದು ಲಾಂಗ್ 1985ರಲ್ಲಿ ವಾಪಸ್ ಬಂದ. ಅವನ ಪದ್ಧತಿ ಹೀಗಿತ್ತು: ಒಂದು ಡ್ರಮ್ ಮೆಷಿನ್ ಸುಮ್ನೆ ತಾಳ ಹಾಕುತ್ತಾ ಇರಲಿ. ಅದರ ಮೇಲೆ ಗಿಟಾರ್, ಬಾಸ್, ಹಾಡು ಎಲ್ಲ ಕೂರಿಸೋಣ. ಹಾಡಿನ ಆಕಾರ ಮಧ್ಯೆ ಬದಲಾಗಬಹುದು, ಪಲ್ಲವಿ ಹಿಂದೆ ಮುಂದೆ ಆಗಬಹುದು. ಎಲ್ಲ ಗಟ್ಟಿಯಾದ ಮೇಲೆ ನಿಜವಾದ ಡ್ರಮ್ಸ್.

ಅಂದರೆ ಮನೆ ಕಟ್ಟಿ, ಬಣ್ಣ ಬಳಿದು, ಆಮೇಲೆ ಪಾಯ ಹಾಕಿದ ಹಾಗೆ. ಕೇಳೋಕೆ ತಲೆಕೆಳಗು. ಆದರೆ ಈ ತಲೆಕೆಳಗಿನ ಕ್ರಮದಿಂದ ರಿಕ್‌ಗೆ ಸಿಕ್ಕಿದ್ದು ಸಮಯ. ಅವನು ಸಿದ್ಧನಾಗುವವರೆಗೆ ಯಾರೂ ಕೈಕಟ್ಟಿ ಕೂರಬೇಕಾಗಿರಲಿಲ್ಲ. ಅವನನ್ನು ಕಾಯುತ್ತಿದ್ದೇವೆ ಅನ್ನೋ ಭಾರವನ್ನು ಅವನ ಮೇಲೆ ಹಾಕಬೇಕಾಗಿಯೂ ಇರಲಿಲ್ಲ. ಹಳೇ ಪದ್ಧತಿಯಲ್ಲಿ, ಡ್ರಮ್ಸ್ ಆಗದೆ ಗಿಟಾರ್ ಮುಟ್ಟುವ ಹಾಗಿಲ್ಲ ಅನ್ನುವ ಸ್ಟುಡಿಯೋದಲ್ಲಿ, ಎಷ್ಟೇ ಗೆಳೆತನ ಇದ್ದರೂ ಮೂರನೇ ತಿಂಗಳಿಗೆ ಬೇರೆ ಡ್ರಮ್ಮರ್ ಬರುತ್ತಿದ್ದ ಅಂತ ನನ್ನ ಲೆಕ್ಕ. ಸ್ನೇಹ ದೊಡ್ಡದೇ, ಇಲ್ಲ ಅನ್ನಲ್ಲ. ಆ ಸ್ನೇಹ ಉಳಿಯೋಕೆ ಕೆಲಸದ ಕ್ರಮವೂ ಜಾಗ ಕೊಟ್ಟಿತು.

ಕೆಲಸ ಮಾತ್ರ ಹುಚ್ಚು ಹಿಡಿಸುವಂಥದ್ದು. ಹಾಲೆಂಡಿನ ಹಿಲ್ವರ್ಸಮ್‌ನ ವಿಸೆಲೂರ್ಡ್ ಸ್ಟುಡಿಯೋ, ಡಬ್ಲಿನ್, ಪ್ಯಾರಿಸ್ ಅಂತ ಸುತ್ತಿದರು. ಗಿಟಾರ್‌ಗೆ ದೊಡ್ಡ ಆಂಪ್ಲಿಫೈಯರ್ ಗೋಡೆ ನಿಲ್ಲಿಸಿರಬೇಕು ಅಂದುಕೊಂಡಿದ್ದೆ. ಇಲ್ಲ, ಜಾಸ್ತಿ ಬಳಸಿದ್ದು ರಾಕ್‌ಮನ್ ಅನ್ನೋ ಪುಟ್ಟ ಡಬ್ಬಿ. ವಾಕ್‌ಮನ್ ಗಾತ್ರದ್ದು, ಹೆಡ್‌ಫೋನ್ ಸಿಕ್ಕಿಸಿಕೊಂಡು ಅಭ್ಯಾಸ ಮಾಡೋಕೆ ಅಂತ ಬಾಸ್ಟನ್ ಬ್ಯಾಂಡಿನ ಟಾಮ್ ಶೋಲ್ಜ್ ಮಾಡಿದ್ದು. ಅದರ ಸದ್ದು ತೆಳು. ತೆಳು ಆದ್ದರಿಂದಲೇ ಒಂದರ ಮೇಲೊಂದು ಎಷ್ಟು ಬೇಕಾದರೂ ಹಚ್ಚಬಹುದಿತ್ತು. ದಪ್ಪ ಸದ್ದಾಗಿದ್ದರೆ ನಾಲ್ಕನೇ ಪದರಕ್ಕೇ ಎಲ್ಲ ಕಲಸಿಹೋಗುತ್ತಿತ್ತು. ಕೆಲವು ಕಡೆ ಒಂದು ಕಾರ್ಡನ್ನು (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಪೂರ್ತಿ ಮೀಟದೆ ಅದರ ಒಂದೊಂದು ಸ್ವರವನ್ನೂ ಬೇರೆ ಬೇರೆಯಾಗಿ ನುಡಿಸಿ ಆಮೇಲೆ ಸೇರಿಸಿದ್ದಾರೆ. ಆಲ್ಬಮ್‌ನ ಹೆಸರಿನದೇ ಹಾಡು 'ಹಿಸ್ಟೀರಿಯಾ' ಒಮ್ಮೆ ಒಳ್ಳೇ ಹೆಡ್‌ಫೋನ್‌ನಲ್ಲಿ ಕೇಳಿ. ಗಿಟಾರ್ ಮಿಣುಕುತ್ತದೆ. ತಂತಿಗಳು ಒಂದಕ್ಕೊಂದು ತಾಗದೆ, ಪ್ರತಿಯೊಂದೂ ತನ್ನ ಜಾಗದಲ್ಲಿ ನಿಂತು ಹೊಳೆಯುವ ಹಾಗೆ. ಒಬ್ಬ ಮನುಷ್ಯ ಒಂದು ಕೈ ಬೀಸಿದರೆ ಆ ಸದ್ದು ಬರುವುದಿಲ್ಲ.

ಅಂದಹಾಗೆ, ಆ ಹೆಸರು ಕೊಟ್ಟದ್ದು ರಿಕ್ ಅಲನ್‌. ಅಪಘಾತ ಆದ ಮೇಲೆ ಪತ್ರಿಕೆಗಳು ಅವನ ಸುತ್ತ ಎಬ್ಬಿಸಿದ ಗದ್ದಲ ನೋಡಿ.

ನಡುವೆ ಬಂದ ಕಷ್ಟಗಳನ್ನು ಸರಸರ ಹೇಳಿಬಿಡುತ್ತೇನೆ. ಲಾಂಗ್‌ಗೂ ಒಂದು ಕಾರ್ ಅಪಘಾತ ಆಯಿತು. ಜೋ ಎಲಿಯಟ್‌ಗೆ ಮಂಗನಬಾವು ಬಂತು. ಸ್ಟೀವ್ ಕ್ಲಾರ್ಕ್ ಕುಡಿತಕ್ಕೆ ಬಿದ್ದಿದ್ದ. ಹಾಕಿದ ಖರ್ಚು ವಾಪಸ್ ಬರಬೇಕು ಅಂದರೆ ಐವತ್ತು ಲಕ್ಷ ಪ್ರತಿ ಮಾರಬೇಕು ಅನ್ನುವ ಸ್ಥಿತಿ ಇತ್ತು ಅಂತ ಬ್ಯಾಂಡಿನವರೇ ಆಮೇಲೆ ಹೇಳಿಕೊಂಡಿದ್ದಾರೆ.

ಬಯಲಲ್ಲಿ ಒಂದು ಪರೀಕ್ಷೆ

1986ರ ಆಗಸ್ಟ್‌ನಲ್ಲಿ ಸ್ಟುಡಿಯೋದಿಂದ ಒಂದಷ್ಟು ದಿನ ಹೊರಬಂದರು. ಐರ್ಲೆಂಡಿನಲ್ಲಿ ಸಣ್ಣ ಸಣ್ಣ ಕಾರ್ಯಕ್ರಮ. ಏನಾದರೂ ಎಡವಟ್ಟಾದರೆ ಇರಲಿ ಅಂತ ಸ್ಟೇಟಸ್ ಕ್ವೋ ಬ್ಯಾಂಡಿನ ಜೆಫ್ ರಿಚ್‌ನನ್ನು ಎರಡನೇ ಡ್ರಮ್ಮರ್ ಆಗಿ ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ಒಂದು ರಾತ್ರಿ ಜೆಫ್ ಬರೋದು ತಡವಾಯಿತು. ಕಾಯೋಕೆ ಆಗಲ್ಲ, ಶುರು ಮಾಡಿದರು. ಅವನು ಬರುವಷ್ಟರಲ್ಲಿ ರಿಕ್ ಒಬ್ಬನೇ ನಿಭಾಯಿಸುತ್ತಿದ್ದ. ನನ್ನ ಅಗತ್ಯ ಇನ್ನಿಲ್ಲ ಅಂತ ಮೊದಲು ಹೇಳಿದವನು ಜೆಫ್. ಈ ಇಡೀ ಕಥೆಯಲ್ಲಿ ನನಗೆ ತುಂಬ ಇಷ್ಟವಾದ ಮನುಷ್ಯ ಅವನು. ಪೋಸ್ಟರ್‌ನಲ್ಲಿ ಅವನ ಮುಖ ಎಲ್ಲೂ ಇಲ್ಲ.

ಆಗಸ್ಟ್ 16ಕ್ಕೆ ಇಂಗ್ಲೆಂಡಿನ ಕ್ಯಾಸಲ್ ಡಾನಿಂಗ್‌ಟನ್‌ನಲ್ಲಿ 'ಮಾನ್‌ಸ್ಟರ್ಸ್ ಆಫ್ ರಾಕ್' ಅನ್ನೋ ಬಯಲು ಸಂಗೀತೋತ್ಸವ. ಓಜಿ ಆಸ್ಬೋರ್ನ್ ಮುಖ್ಯ ಆಕರ್ಷಣೆ, ಸ್ಕಾರ್ಪಿಯನ್ಸ್, ಮೋಟರ್‌ಹೆಡ್ ಎಲ್ಲ ಇದ್ದರು. ಇಂಗ್ಲೆಂಡಿನ ಹೆವಿ ಮೆಟಲ್ ಜನಕ್ಕೆ ಡೆಫ್ ಲೆಪರ್ಡ್ ಮೇಲೆ ಒಂದು ಹಳೇ ಸಿಟ್ಟಿತ್ತು, ಅಮೆರಿಕಕ್ಕೆ ಮಾರಿಕೊಂಡವರು ಅಂತ. ಅಂಥ ಗುಂಪಿನ ಮುಂದೆ ಜೋ ತನ್ನ ಡ್ರಮ್ಮರ್‌ನ ಹೆಸರು ಹೇಳಿದ. ಆಗ ಎದ್ದ ಕೂಗಿನ ಬಗ್ಗೆ ಅಲ್ಲಿದ್ದವರೆಲ್ಲ ಇವತ್ತಿಗೂ ಹೇಳುತ್ತಾರೆ.

ಮುಗಿಯಿತು ಅಂದಮೇಲೆ ಇನ್ನೊಂದು

ಆಲ್ಬಮ್ ಹೆಚ್ಚೂಕಡಿಮೆ ಮುಗಿದಿತ್ತು. ಬಿಡುವಿನಲ್ಲಿ ಜೋ ಒಂದು ಅಕೌಸ್ಟಿಕ್ ಗಿಟಾರ್ ಹಿಡಿದು ಏನೋ ಗುನುಗುತ್ತಿದ್ದ. ಒಳಗೆ ಬಂದ ಲಾಂಗ್ ಕಿವಿ ನಿಮಿರಿಸಿದ. ಏನದು? ಸುಮ್ನೆ, ಏನಿಲ್ಲ. ಅದನ್ನ ಮಾಡಲೇಬೇಕು ಅಂತ ಲಾಂಗ್ ಹಟ ಹಿಡಿದ. ಮೂರು ವರ್ಷ ಒಂದೊಂದು ಸ್ವರ ಎಣಿಸುತ್ತಿದ್ದ ಜನ ಈ ಹಾಡನ್ನು ಕೆಲವೇ ದಿನಗಳಲ್ಲಿ ಮುಗಿಸಿದರು. ಅದೇ 'ಪೋರ್ ಸಮ್ ಶುಗರ್ ಆನ್ ಮಿ'.

ರ‍್ಯಾಪ್ ಹಾಡುಗಳು ಆಗ ರೇಡಿಯೋಗೆ ಬರುತ್ತಿದ್ದವು. ರ‍್ಯಾಪ್ ತಂಡ ರನ್-ಡಿಎಂಸಿ ಮತ್ತು ರಾಕ್ ಬ್ಯಾಂಡ್ ಏರೋಸ್ಮಿತ್ ಒಟ್ಟಿಗೆ ಹಾಡಿದ ಹಾಡು 1986ರಲ್ಲಷ್ಟೇ ಬಂದಿತ್ತು. ಅದರ ಗಾಳಿ ಇಲ್ಲಿಗೂ ತಾಗಿದೆ: ಪದ್ಯದ ಸಾಲುಗಳು ಹಾಡಲ್ಲ, ತಾಳಕ್ಕೆ ಸರಿಯಾಗಿ ಒದರಿದ್ದು. ಸಾಹಿತ್ಯಕ್ಕೆ ಅರ್ಥ ಹುಡುಕಬೇಡಿ, ಸಿಗಲ್ಲ. ಡ್ರಮ್ಸ್ ಕೇಳಿ. ನಿಧಾನ. ಧಡ್, ಟಪ್, ಧಡ್, ಟಪ್. ನಡುವೆ ಒಂದಡಿ ಒಂದಡಿ ಖಾಲಿ ಜಾಗ. ಒಂದು ಬಾಗಿಲು ಹಾಕಿದ ಹಾಗೆ ಆ ಸ್ನೇರ್ ಬೀಳುತ್ತದೆ. ಎರಡು ಕೈ ಇರುವ ಡ್ರಮ್ಮರ್ ಆಗಿದ್ದರೆ ಆ ಖಾಲಿ ಜಾಗದಲ್ಲಿ ಏನಾದರೂ ತುಂಬಿಸುತ್ತಿದ್ದ. ತುಂಬಿಸದೆ ಬಿಟ್ಟಿದ್ದರಿಂದಲೇ ಅದು ಕ್ರೀಡಾಂಗಣದಷ್ಟು ದೊಡ್ಡದಾಗಿ ಕೇಳುತ್ತದೆ.

ಇಲ್ಲಿ ಒಂದು ಜಗಳ ಎತ್ತುವವರಿದ್ದಾರೆ. ಈ ಆಲ್ಬಮ್‌ನ ಡ್ರಮ್ ಸದ್ದೆಲ್ಲ ಫೇರ್‌ಲೈಟ್ ಅನ್ನೋ ಕಂಪ್ಯೂಟರಿನ ಸ್ಯಾಂಪಲ್ (ಮೊದಲೇ ಹಿಡಿದಿಟ್ಟ ಸದ್ದಿನ ತುಣುಕು), ಹಾಗಿದ್ದ ಮೇಲೆ ರಿಕ್ ಬಾರಿಸಿದ್ದೇನು, ಪ್ಲಾಸ್ಟಿಕ್ ರಾಕ್ ಇದು, ಅಂತ. ಸ್ಯಾಂಪಲ್ ಹೌದು. ಆದರೆ ಗಿಟಾರೂ ಅಷ್ಟೇ, ಸ್ವರ ಸ್ವರ ಜೋಡಿಸಿದ್ದು. ಹಿನ್ನೆಲೆ ದನಿಗಳೂ ಅಷ್ಟೇ, ನಾಲ್ಕೈದು ಜನ ಹತ್ತಾರು ಸಲ ಹಾಡಿ ಒಂದು ಜಾತ್ರೆ ಮಾಡಿದ್ದು. ಇಡೀ ಆಲ್ಬಮ್ ಕಟ್ಟಿದ್ದು. ಕುಸುರಿ ಕೆಲಸ ನೋಡಿ ಇದು ಮರದಲ್ಲಿ ಹೀಗೇ ಬೆಳೆದಿರಲಿಲ್ಲ ಅಂತ ದೂರುವ ಹಾಗಿದೆ ಈ ತಕರಾರು. ಬಾರಿಸೋಕೆ ಬರುತ್ತದಾ ಅನ್ನೋ ಪ್ರಶ್ನೆಗೆ ಉತ್ತರ ಮುಂದಿನ ಪ್ರವಾಸದಲ್ಲಿ ಸಿಕ್ಕಿತು. ಸಭಾಂಗಣದ ನಟ್ಟನಡುವೆ ವೇದಿಕೆ, ನಾಲ್ಕೂ ಕಡೆ ಜನ. ಅವಿತುಕೊಳ್ಳೋಕೆ ಒಂದು ಪರದೆಯೂ ಇರಲಿಲ್ಲ.

ಹಾಗಂತ ಆಲ್ಬಮ್‌ನಲ್ಲಿ ಕುಂದೇ ಇಲ್ಲ ಅಂತಲ್ಲ. 'ಎಕ್ಸೈಟಬಲ್' ನನಗೆ ಯಾವತ್ತೂ ಹಿಡಿಸಿಲ್ಲ. 'ಡೋಂಟ್ ಶೂಟ್ ಶಾಟ್‌ಗನ್' ಬಂದಾಗ ಕಾಫಿಗೆ ಎದ್ದು ಹೋಗಬಹುದು. ಆದರೆ 'ಗಾಡ್ಸ್ ಆಫ್ ವಾರ್' ಕೇಳಿ, ರೇಗನ್ ಮತ್ತು ಥ್ಯಾಚರ್ ದನಿಗಳನ್ನೇ ಒಳಗೆ ಹಾಕಿದ್ದಾರೆ. 'ರಾಕೆಟ್'ನ ತಾಳ ಬುರುಂಡಿ ದೇಶದ ಡೋಲುಗಳಿಂದ ಬಂದದ್ದು, ಸಾಹಿತ್ಯ ಪೂರ್ತಿ ಎಪ್ಪತ್ತರ ದಶಕದಲ್ಲಿ ಈ ಹುಡುಗರು ಕೇಳಿ ಬೆಳೆದ ಹಾಡುಗಳ, ಬ್ಯಾಂಡುಗಳ ಹೆಸರು. ಅಂದರೆ ಫ್ಯಾನ್‌ಗಳೇ ಬರೆದ ಫ್ಯಾನ್ ಪತ್ರ.

ಮಾರಾಟ

1987ರ ಆಗಸ್ಟ್ 3ಕ್ಕೆ ಬಿಡುಗಡೆ. ಇಂಗ್ಲೆಂಡಿನಲ್ಲಿ ನೇರ ಮೊದಲ ಸ್ಥಾನ. ಅಮೆರಿಕದಲ್ಲಿ ಮೊದಲ ಸಿಂಗಲ್ (ಆಲ್ಬಮ್‌ನಿಂದ ಬಿಡಿಯಾಗಿ ಬಿಡುಗಡೆ ಮಾಡುವ ಹಾಡು) 'ವಿಮೆನ್' 80ನೇ ಸ್ಥಾನಕ್ಕಿಂತ ಮೇಲೆ ಏರಲೇ ಇಲ್ಲ. 'ಆನಿಮಲ್' 19ಕ್ಕೆ ಬಂತು, 'ಹಿಸ್ಟೀರಿಯಾ' 10ಕ್ಕೆ. ಐವತ್ತು ಲಕ್ಷ ಇನ್ನೂ ದೂರ. ಆಮೇಲೆ ಬಂತು ಆ ಕೊನೇ ಗಳಿಗೆಯ ಹಾಡು, ಎರಡನೇ ಸ್ಥಾನಕ್ಕೆ. ಅದರ ಬೆನ್ನಲ್ಲೇ ಆಲ್ಬಮ್ 1988ರ ಜುಲೈನಲ್ಲಿ ಅಮೆರಿಕದ ಮೊದಲ ಸ್ಥಾನಕ್ಕೆ ಹೋಯಿತು. ಬಿಡುಗಡೆಯಾಗಿ ಒಂದು ವರ್ಷ ತುಂಬೋಕೆ ಕೆಲವೇ ದಿನ ಬಾಕಿ ಇತ್ತು. ಅಕ್ಟೋಬರ್‌ನಲ್ಲಿ 'ಲವ್ ಬೈಟ್ಸ್' ಸಿಂಗಲ್ ಪಟ್ಟಿಯಲ್ಲೇ ಒಂದನೇ ಸ್ಥಾನ. ಅದು ಲಾಂಗ್ ಹಳ್ಳಿ ಕಡೆಯ ಕಂಟ್ರಿ ಹಾಡಿನ ಧಾಟಿಯಲ್ಲಿ ತಂದಿದ್ದ ಹಾಡು, ಇವರು ಉಜ್ಜಿ ಉಜ್ಜಿ ಬೇರೆಯೇ ಮಾಡಿದರು. ಒಟ್ಟು ಏಳು ಸಿಂಗಲ್. ಅಮೆರಿಕದಲ್ಲೇ ಒಂದು ಕೋಟಿ ಇಪ್ಪತ್ತು ಲಕ್ಷ ಪ್ರತಿಗಳ ಮಾರಾಟಕ್ಕೆ ಪ್ರಮಾಣಪತ್ರ ಸಿಕ್ಕಿತು.

ಆಲ್ಬಮ್‌ನ ಒಳಹಾಳೆಯಲ್ಲಿ ಬ್ಯಾಂಡಿನವರು ಫ್ಯಾನ್‌ಗಳಿಗೆ ಕ್ಷಮೆ ಕೇಳಿದ್ದರು. ಇಷ್ಟು ಕಾಯಿಸಿದ್ದಕ್ಕೆ ಸಾರಿ, ಇನ್ನೊಮ್ಮೆ ಹೀಗೆ ಕಾಯಿಸಲ್ಲ ಅಂತ. ಮುಂದಿನ ಆಲ್ಬಮ್ 'ಅಡ್ರೆನಲೈಜ್' ಬಂದದ್ದು 1992ರ ಮಾರ್ಚ್‌ನಲ್ಲಿ, ನಾಲ್ಕೂವರೆ ವರ್ಷದ ಮೇಲೆ! ನಗು ಬರುತ್ತದೆ, ಆಮೇಲೆ ಬರಲ್ಲ. ಆ ಹೊತ್ತಿಗೆ ಸ್ಟೀವ್ ಕ್ಲಾರ್ಕ್ ಇರಲಿಲ್ಲ. 1991ರ ಜನವರಿ 8ರಂದು, 30ನೇ ವಯಸ್ಸಿಗೆ ತೀರಿಕೊಂಡಿದ್ದ. ಡ್ರಮ್ಮರ್‌ಗೆ ಸಿಕ್ಕ ಸಮಯ ಅವನಿಗೆ ಯಾಕೆ ಸಿಗಲಿಲ್ಲ ಅಂತ ಕೇಳಿಕೊಂಡಿದ್ದೇನೆ. ಗೆಳೆಯರು ಅವನನ್ನೂ ಕಾದಿದ್ದರು, ರಜೆ ಕೊಟ್ಟು ಕಳಿಸಿದ್ದರು. ಕುಡಿತಕ್ಕೆ ಪೆಡಲ್ ಜೋಡಿಸೋಕೆ ಆಗಲಿಲ್ಲ.

2013ರಲ್ಲಿ ಲಾಸ್ ವೇಗಾಸ್‌ನಲ್ಲಿ ಇಡೀ ಆಲ್ಬಮ್ಮನ್ನು ಮೊದಲಿಂದ ಕೊನೆವರೆಗೆ ವೇದಿಕೆ ಮೇಲೆ ನುಡಿಸಿದರು. ಡ್ರಮ್ಸ್ ಮೇಲೆ ರಿಕ್ ಅಲನ್‌ನೇ.

ನಾನು ಸಿಡಿ ಕೊಂಡಿದ್ದು ಕೆಲಸಕ್ಕೆ ಸೇರಿದ ಮೇಲೆ. ಮನೆಗೆ ಬಂದು ನೇರ ಆರನೇ ಹಾಡು ಹಾಕಿದೆ. ಟೇಪು ನಿಲ್ಲುತ್ತಿದ್ದ ಜಾಗ ಬಂತು, ಹಾಡು ನಿಲ್ಲಲಿಲ್ಲ. ಮುಂದೆ ಏನೋ ಇದೆ, ಇಷ್ಟು ವರ್ಷ ನನಗೆ ಗೊತ್ತಿಲ್ಲದ್ದು ಏನೋ ಇದೆ ಅಂತ ಉಸಿರು ಹಿಡಿದು ಕೂತೆ. ಹೊಸದೇನೂ ಇರಲಿಲ್ಲ. ಅದೇ ಪಲ್ಲವಿ, ಮತ್ತೆ, ಇನ್ನೊಂದು ಸಲ. ಕೆಳಗೆ ಅದೇ ಧಡ್, ಟಪ್.

ಮೂರು ಸಲ ಹಾಕಿ ಕೇಳಿದೆ.